ಹಾಡಲು ಬಾರದವನ ಮೆಚ್ಚಿನ ಹಾಡು

ಜಗಳೂರಿನ ಸಮುದಾಯ ಭವನದಲ್ಲಿ ನಾನು ಜೀವಮಾನದಲ್ಲಿ ಮೊದಲ ಸಲ ಮೈಕ್ ಹಿಡಿದು ಹಾಡಿದೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಏನಾಯಿತು, ಹೇಳಿ ನೋಡೋಣ. ಕರೆಂಟ್ ಹೋಯಿತು ಅಂತೀರಿ. ಹೋಗಲಿಲ್ಲ, ಹೋಗಿದ್ದರೆ ಎಷ್ಟೋ ಜನಕ್ಕೆ ಉಪಕಾರವಾಗುತ್ತಿತ್ತು. ಜನ ಎದ್ದು ಹೋದರು ಅಂತೀರಿ. ಅದೂ ಅಲ್ಲ. ಒಳಗಿದ್ದವರು ಒಬ್ಬರೂ ಹೋಗಲಿಲ್ಲ, ಹೊರಗಿದ್ದವರು ಬಂದರು. ಅಷ್ಟು ಚೆನ್ನಾಗಿ ಹಾಡಿದಿರಾ ಅಂತ ಮಾತ್ರ ಕೇಳಬೇಡಿ. ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ.

ನಿವೃತ್ತನಾದ ಮೇಲೆ ನನಗೆ ಇಂಥವು ಆಗುತ್ತಲೇ ಇವೆ. ಕೃಷಿ ಇಲಾಖೆಯಲ್ಲಿದ್ದಾಗ ಇಷ್ಟು ಚೋದ್ಯ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರಲ್ಲೇ ಗಾಣದೆತ್ತಿನ ಹಾಗೆ ಸುತ್ತಿ, ಒಂದು ಕಡೆ ಭತ್ತ, ಇನ್ನೊಂದು ಕಡೆ ಶೇಂಗಾ ನೋಡಿಕೊಂಡು ಸರ್ವೀಸ್ ಮುಗಿಸಿದೆ. ಈಗಲೂ ಅವೇ ನಾಲ್ಕು ಊರು ಸುತ್ತುತ್ತೇನೆ. ಆಗ ಸರ್ಕಾರ ಕಳಿಸುತ್ತಿತ್ತು, ಈಗ ಹೆಂಡತಿ ಕರೆದುಕೊಂಡು ಹೋಗುತ್ತಾಳೆ.

ಮಿರ್ಚಿ ಮುಗಿದ ದಿನ

ನನ್ನ ಹೆಂಡತಿ ನಮ್ಮ ಕರೋಕೆ ಬಳಗದ ಅಧ್ಯಕ್ಷೆ. ಕರೋಕೆ ಅಂದರೆ ಗೊತ್ತಲ್ಲ. ಸಿನಿಮಾ ಹಾಡಿನಿಂದ ಹಾಡಿದವರ ದನಿ ತೆಗೆದು ಬರೀ ವಾದ್ಯ ಉಳಿಸಿರುತ್ತಾರೆ. ಅದಕ್ಕೆ ಟ್ರ್ಯಾಕ್ ಅನ್ನುತ್ತಾರೆ. ಅದನ್ನು ಫೋನಿನಿಂದ ಸ್ಪೀಕರಿಗೆ ಬಿಟ್ಟು, ಖಾಲಿ ಬಿಟ್ಟ ಜಾಗದಲ್ಲಿ ನಾವು ದನಿ ತುಂಬಬೇಕು. ನಾಲ್ಕೂ ಊರಿನ ಹಾಡಿನ ಹುಚ್ಚಿನವರು, ಬಹುಪಾಲು ನಿವೃತ್ತರೇ, ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರುತ್ತಾರೆ. ಹಾಡು ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ಬಜ್ಜಿ, ಚಹಾ.

ಸರ್ವೀಸಿನಲ್ಲಿದ್ದಷ್ಟೂ ಕಾಲ ನಾನು ಬಸ್ಸಿನಲ್ಲಿದ್ದೆ, ಅವಳು ಚನ್ನಗಿರಿಯ ಮನೆಯಲ್ಲಿದ್ದಳು. ಅವಳು ಹಾಡುತ್ತಿದ್ದದ್ದು ರೊಟ್ಟಿ ತಟ್ಟುವಾಗ. ನಾನು ಮನೆಗೆ ಬರುತ್ತಿದ್ದದ್ದು ರೊಟ್ಟಿ ತಣ್ಣಗಾದ ಮೇಲೆ. ಹೀಗಾಗಿ ಅವಳ ಕಂಠ ಎಂಥದ್ದು ಅಂತ ನನಗೆ ತಿಳಿದದ್ದು ಬಳಗದ ಮೊದಲ ಸಭೆಯಲ್ಲೇ. ಅವತ್ತು ಮುಂದಿನ ಸಾಲಿನಲ್ಲಿ ಬಾಯಿ ಬಿಟ್ಟುಕೊಂಡು ಕೂತವನು ಆಮೇಲೆ ಆ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಪಕ್ಕದವರಿಗೆಲ್ಲ ‘ನಮ್ಮನೆಯವರು’ ಅಂತ ಹೇಳುತ್ತೇನೆ. ಅವರಿಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ.

ಆದರೆ ಬರಬರುತ್ತಾ ಹಾಡುವವರಿಗಿಂತ ನನ್ನಂಥ ಕೇಳುಗರು ಹೆಚ್ಚಾದರು. ಹೊನ್ನಾಳಿಯ ಸಭೆಯಲ್ಲಿ ಅವಳು ಒಂದು ಕಷ್ಟದ ಹಾಡು ಹಾಡಿ, ಬೆವರೊರೆಸಿಕೊಂಡು ಹೊರಗೆ ಬಂದು ನೋಡುತ್ತಾಳೆ, ಮಿರ್ಚಿ ಪೂರ್ತಿ ಖಾಲಿ. ತಟ್ಟೆಯಲ್ಲಿ ನಾಲ್ಕು ಕಾಳು ಮಂಡಕ್ಕಿ ಮಾತ್ರ ಇತ್ತು. ವಾಪಸ್ ಒಳಗೆ ಹೋಗಿ ಮೈಕ್ ತಗೊಂಡಳು.

“ಇನ್ನು ಮ್ಯಾಲೆ ಬರೀ ಕೇಳಾಕೆ ಬರೋರು ಬರಬ್ಯಾಡ್ರಿ. ಬಂದೋರು ಒಂದಾದ್ರೂ ಹಾಡಬೇಕು. ಜಗಳೂರು ಸಭೆ ಹೊತ್ತಿಗೆ ಎಲ್ರೂ ತಮ್ಮ ತಮ್ಮ ಮೆಚ್ಚಿನ ಹಾಡು ಯಾವುದು ಅಂತ ಹೇಳಿ, ಅಲ್ಲೇ ಹಾಡಿ ತೋರಿಸ್ಬೇಕು. ಆಗದೇ ಇರೋರು ಮನೇಲಿರ್ರಿ.”

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ. “ನನಗೂ ಸೇರಿಸಿ ಹೇಳಿದೆಯಾ?”

“ನಿಯಮ ಮಾಡಿದೋಳ ಮನೆಯಿಂದ್ಲೇ ಮುರಿಯಾಕೆ ಶುರು ಮಾಡಬೇಕೇನ್ರೀ?”

“ನನಗೆ ಹಾಡಾಕೆ ಬರಲ್ವಲ್ಲೇ.”

“ಅದು ನನಗೊಬ್ಬಳಿಗೆ ಗೊತ್ತು. ಬಳಗಕ್ಕೆ ಗೊತ್ತಾಗೋದು ಜಗಳೂರಲ್ಲಿ.” ಆಮೇಲೆ ಕರುಣೆ ಬಂತೇನೋ. “ಬ್ಯಾಡಾಂದ್ರೆ ಬಿಡ್ರಿ. ನೀವು ಮನೇಲೇ ಇರ್ರಿ, ನಾನು ಹಾಡಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬರ್ತೀನಿ.”

ಮುಂದಿನ ಸಾಲಿನ ಕುರ್ಚಿ ಹೋಗಿ, ಅಂಗೈಯಗಲದ ಪರದೆಯಲ್ಲಿ ಹೆಂಡತಿಯನ್ನು ನೋಡುವ ಕಾಲ ಬಂತಲ್ಲ ಅಂತ ನನಗೆ ನಿಜವಾಗಲೂ ಸಂಕಟವಾಯಿತು. ಅದೂ ಅಲ್ಲದೆ, ಮಿರ್ಚಿ ರೆಕಾರ್ಡ್ ಆಗುವುದಿಲ್ಲ.

ಮಂಡಿ ಯಜಮಾನರ ಜೋಗುಳ

ಹಾಡೊಂದನ್ನು ಆರಿಸಿಕೊಳ್ಳುವುದು ಏನು ಮಹಾ ಅಂದುಕೊಂಡಿರಾ? ನಮ್ಮ ಬಳಗದಲ್ಲಿ ಒಂದು ಕಟ್ಟುಪಾಡಿದೆ. ಒಬ್ಬರ ಹಾಡನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಒಂದು ಹಾಡನ್ನು ನೀವು ಮೊದಲು ಹಾಡಿದಿರೋ, ಅದು ನಿಮ್ಮ ತೋಟ, ಬೇಲಿ ಬಿತ್ತು. ಮಳೆಯ ಹಾಡುಗಳೆಲ್ಲ ಒಬ್ಬ ನಿವೃತ್ತ ತಹಶೀಲ್ದಾರರ ಹೆಸರಿನಲ್ಲಿವೆ. ತಾಯಿ ಮೇಲಿನ ಹಾಡುಗಳು ಅಣ್ಣತಮ್ಮಂದಿರಿಬ್ಬರಿಗೆ ಭಾಗವಾಗಿವೆ. ಕುಡುಕನ ಹಾಡೊಂದು ಉಳಿದಿದೆ ಅಂತ ಕೇಳಿ ಆಸೆಯಿಂದ ಹೋದೆ. ಅದನ್ನು ಭಜನಾ ಮಂಡಳಿಯ ಅಧ್ಯಕ್ಷರು ಆಗಲೇ ಹಿಡಿದಿದ್ದರು.

ಸಲಹೆ ಕೇಳಲು ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿರುವ ಯಜಮಾನರ ಹತ್ತಿರ ಹೋದೆ. ಅವರೂ ನನ್ನ ಹಾಗೆ ಹಾಡಲು ಬಾರದವರೇ, ಆದರೆ ಬಳಗದಲ್ಲಿ ಧೈರ್ಯವಾಗಿ ಹಾಡುವವರು. ಅವರ ದನಿ ಮಂಡಿಯ ಗದ್ದಲದ ಮೇಲೆ ಕೂಗಿ ಕೂಗಿ ಬೆಳೆದದ್ದು. ಮೆಲ್ಲಗೆ ಮಾತಾಡಿದರೆ ಎದುರಂಗಡಿಯವರು ‘ಯಾಕ್ರೀ ಯಜಮಾನ್ರೆ, ಹುಷಾರಿಲ್ವಾ?’ ಅಂತ ಬಂದು ವಿಚಾರಿಸುತ್ತಾರೆ.

“ಹಾಡು ಆರಿಸೋದು ಅಡಿಕೆ ಆರಿಸಿದಂಗೆ ಸಾರ್” ಅಂದರು. “ಮ್ಯಾಲೆ ಬಣ್ಣ ಚೆಂದ ಐತೆ ಅಂತ ತಗಂಬಾರದು. ಒಡೆದು ನೋಡ್ಬೇಕು.”

“ಹಾಡನ್ನ ಹೆಂಗೆ ಒಡೀತೀರಿ?”

“ಮ್ಯಾಲಿನ ಸ್ವರಕ್ಕೆ ಹೋಗಿ ನೋಡ್ರಿ. ಅಲ್ಲಿ ನಿಮ್ಮ ದನಿ ಒಡೆದ್ರೆ ಆ ಹಾಡು ನಿಮ್ಮದಲ್ಲ.”

“ನಿಮ್ಮದು ಒಡೀಲಿಲ್ವಾ?”

“ನಂದು ಮೊದಲೇ ಒಡೆದೈತಲ್ಲ, ನನಗೇನು ಭಯ?”

ಅವರು ಆರಿಸಿಕೊಂಡಿದ್ದು ಒಂದು ಜೋಗುಳ. ಹೆಂಗಸರು ಹಾಡುವ ಹಾಡು, ಗಂಡಸರ್ಯಾರೂ ಮುಟ್ಟಿರಲಿಲ್ಲ, ಅದಕ್ಕೇ ಖಾಲಿ ಇತ್ತು. ಮೊದಲ ಸಲ ಅವರು ಅದನ್ನು ಎತ್ತಿಕೊಂಡಾಗ ಸಭೆಯಲ್ಲಿ ಮುಸಿಮುಸಿ ನಗು. ತೊಟ್ಟಿಲು ತೂಗುವವರಂತೆ ಒಂದು ಕೈ ಆಡಿಸುತ್ತಾ, ಕಣ್ಣು ಅರೆ ಮುಚ್ಚಿ, ಲಾರಿಗೆ ಮೂಟೆ ಹೇರಿಸುವ ದನಿಯಲ್ಲಿ ‘ಮಲಗು ಕಂದಾ’ ಅನ್ನುವ ಭಾವ. ಮನೆಯಲ್ಲಿ ಮೊಮ್ಮಗಳು ಬೇರೆ ಯಾರು ಹಾಡಿದರೂ ಮಲಗುವುದಿಲ್ಲವಂತೆ, ಇವರು ಶುರು ಮಾಡಿದರೆ ಎರಡನೇ ಸಾಲಿಗೆ ನಿದ್ದೆಯಂತೆ.

“ಹೆದರಿಕೆಗೆ ಕಣ್ಣು ಮುಚ್ತದೇನೋ” ಅಂತ ನಾನು ಪಕ್ಕದವರ ಕಿವಿಯಲ್ಲಿ ಅಂದೆ.

ಹಾಗಂದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲಿನದು ನೆನಪಿಲ್ಲ. ಹೆಂಡತಿ ಭುಜ ಅಲುಗಾಡಿಸಿ ಎಬ್ಬಿಸಿದಾಗ ಹಾಡು ಮುಗಿದು ಚಹಾ ಬಂದಿತ್ತು.

ಮುಂದೆ ಬರ್ರಿ, ಮುಂದೆ ಬರ್ರಿ

ಜೋಗುಳದಂಥ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಹೊನ್ನಾಳಿಗೆ ಹೋದೆ. ಅಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಬಸ್ ಕಂಡಕ್ಟರ್. ನಾನು ಅರ್ಧ ಸರ್ವೀಸು ಕಳೆದದ್ದೇ ಅವರ ಬಸ್ಸಿನಲ್ಲಿ. ಹೊಳೆ ದಂಡೆಯಲ್ಲಿ ಕಲ್ಲಿನ ಮೇಲೆ ಕೂತು ಕಷ್ಟ ಹೇಳಿಕೊಂಡೆ.

“ಸಾಹೇಬ್ರೆ, ಭಾಳ ಸುಲಭ ಐತೆ” ಅಂದರು. “ಹಾಡು ಕಮ್ಮಿ, ಮ್ಯೂಸಿಕ್ ಜಾಸ್ತಿ ಇರೋದು ಆರಿಸ್ಕಳ್ರಿ. ನಂದು ಅಂಥದ್ದೇ. ಎರಡು ಸಾಲು ಹಾಡಿದ್ರೆ ಸಾಕು, ಆಮ್ಯಾಗೆ ಪಿಟೀಲು, ಕೊಳಲು, ತಬಲ, ಎಲ್ಲಾರೂ ನಮ್ಮ ಪರವಾಗಿ ದುಡೀತಾರೆ. ನಾವು ಸುಮ್ನೆ ನಿಂತಿದ್ರಾಯ್ತು.”

ಯೋಚನೆ ಬಹಳ ಚೆನ್ನಾಗಿತ್ತು. ತೊಂದರೆ ಏನೆಂದರೆ, ಕಂಡಕ್ಟರಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಹಿಂದೊಂದು ಸಭೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಮುಂದೆ ಅಷ್ಟು ಜನ ಕೂತಿದ್ದಾರೆ, ತಮ್ಮ ಕೈಯಲ್ಲಿ ಮೈಕಿದೆ, ಬಾಯಿ ಖಾಲಿಯಿದೆ, ಪಿಟೀಲು ಮುಗಿಯುವ ಸೂಚನೆಯೇ ಇಲ್ಲ. ನಾವೆಲ್ಲ ನೋಡುತ್ತಿದ್ದ ಹಾಗೆ ಅವರ ಎಡಗೈ ಮೆಲ್ಲಗೆ ಮೇಲೆದ್ದು ಇಲ್ಲದ ಕಂಬಿಯನ್ನು ಹಿಡಿದುಕೊಂಡಿತು. ಆಮೇಲೆ ತಾವಾಗಿಯೇ ಮಾತು ಬಂತು.

“ಬಾಗಲಲ್ಲಿ ನಿಂತಿರೋರು ಒಳಗೆ ಬರ್ರಿ. ಹಿಂದೆ ಜಾಗ ಐತೆ. ಅಮ್ಮಾರೇ, ಚೀಲ ತೊಡೆ ಮ್ಯಾಲೆ ಇಟ್ಕಳ್ರಿ.”

ತಮಾಷೆ ಏನೆಂದರೆ, ಈ ಮಾತು ತಾಳಕ್ಕೆ ಸರಿಯಾಗಿ ಕೂತಿತು. ತಬಲದವನು ಇವರಿಗೇ ನುಡಿಸುತ್ತಿದ್ದಾನೇನೋ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದವರು ನಿಜವಾಗಲೂ ಒಳಗೆ ಬಂದರು. ಹಿಂದೆ ಖಾಲಿ ಕುರ್ಚಿಗಳಿದ್ದವು, ಕೂತರು. ಹಾಡುಗಾರರು ಹಲವರಿದ್ದಾರೆ, ಸಭೆಯನ್ನು ಹೀಗೆ ಅಚ್ಚುಕಟ್ಟಾಗಿ ಕೂರಿಸುವ ಹಾಡುಗಾರನನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮತ್ತೆರಡು ಸಾಲು ಹಾಡಿದರು. ಕೊಳಲು ಬಂತು. ಕೊಳಲಿನ ಜೊತೆಗೆ ಇಂಪಾಗಿ, “ನ್ಯಾಮತಿ ಇಳಿಯೋರು ಮುಂದೆ ಬರ್ರೀ” ಅಂದರು.

ಮೂರನೇ ಸಾಲಿನಲ್ಲಿ ತೂಕಡಿಸುತ್ತಿದ್ದ ನ್ಯಾಮತಿಯ ಅಜ್ಜಿಯೊಬ್ಬರು ಗಡಬಡಿಸಿ ಎದ್ದು, ಚೀಲ ಬಗಲಿಗೇರಿಸಿ ನಿಂತೇ ಬಿಟ್ಟರು. ಅಕ್ಕಪಕ್ಕದವರು ಹಿಡಿದು ಕೂರಿಸಲು ನೋಡಿದರೆ, “ಬಿಡ್ರೋ, ಹಿಂದಿನ ಸಲ ಹಿಂಗೆ ಕೂರಿಸ್ಕಂಡೇ ನನ್ನ ಸ್ಟಾಪು ದಾಟಿಸಿದ್ರಿ” ಅಂದರು.

ಟೀಚರಮ್ಮನ ತನಿಖೆ

ಕಂಡಕ್ಟರ್ ಹೇಳಿದ ಹಾಗೆ ಮ್ಯೂಸಿಕ್ ಜಾಸ್ತಿ ಇರುವ ಹಾಡೊಂದನ್ನು ಮನೆಯಲ್ಲಿ ಪ್ರಯತ್ನಿಸಿದೆ. ಪಿಟೀಲು ಮುಗಿದದ್ದು ಗೊತ್ತಾಯಿತು, ನಾನು ಎಲ್ಲಿ ಶುರು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಜಗಳೂರಿನ ಸಭೆ ಹತ್ತಿರ ಬರುತ್ತಿತ್ತು. ಹೆಂಡತಿ ನನ್ನ ಎದುರಿಗೇ ಫೋನಿನ ಹಳೆಯ ಫೋಟೋಗಳನ್ನು ಅಳಿಸಲು ಶುರು ಮಾಡಿದಳು. ಯಾಕೆ ಅಂದರೆ, “ರೆಕಾರ್ಡ್ ಮಾಡಾಕೆ ಜಾಗ ಬೇಕಲ್ರೀ” ಅಂದಳು.

ಕೊನೆಯ ಆಸೆಯಾಗಿ ನ್ಯಾಮತಿಯ ಟೀಚರಮ್ಮನ ಮನೆಗೆ ಹೋದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಬಳಗದ ಹೊಸ ಹಾಡುಗಾರರಿಗೆಲ್ಲ ಅವರೇ ತಾಳ ತಿದ್ದುವವರು. ನಾನು ಹಾಡುಗಳ ವಿಷಯ ತೆಗೆದರೆ ಕೈ ಅಡ್ಡ ಮಾಡಿದರು.

“ಹಾಡಾಕೆ ಬರದೋರು ಹಾಡು ಹುಡುಕ್ಕೊಂಡು ಹೋಗಬಾರದು ಸಾರ್. ಅದು ಆಗಲೇ ಒಳಗೆ ಕೂತಿರ್ತದೆ. ಬೆಳಿಗ್ಗೆ ಮೈಮರೆತಾಗ ಏನು ಗುನುಗ್ತೀರಿ, ಅದನ್ನ ಹೇಳ್ರಿ.”

“ನಾನು ಗುನುಗೋದೇ ಇಲ್ಲ ಮೇಡಂ.”

“ಗುನುಗದೇ ಇರೋ ಮನುಷ್ಯ ಭೂಮಿ ಮ್ಯಾಲೆ ಇಲ್ಲ. ಪರೀಕ್ಷೆ ಬರೀತಾ ಗುನುಗೋ ಹುಡುಗರನ್ನ ಕಂಡೀನಿ. ಕೇಳಿದ್ರೆ ‘ನಾನಲ್ಲ ಮಿಸ್’ ಅಂತಾರೆ. ತಡೀರಿ, ಮನೆಯವರನ್ನೇ ಕೇಳಾನ.”

ನಾನು ಬೇಡ ಅನ್ನುವಷ್ಟರಲ್ಲಿ ನನ್ನ ಹೆಂಡತಿಗೆ ಫೋನು ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

“ಅಕ್ಕಾ, ಸಾರ್ ಬೆಳಿಗ್ಗೆ ಹೊತ್ತು ಏನಾದ್ರೂ ಗುನುಗ್ತಾರಾ?”

“ಗುನುಗ್ತಾರಲ್ಲ, ದಿನಾ. ಹಲ್ಲುಜ್ಜುವಾಗ, ಪೇಪರ್ ಓದುವಾಗ. ಮೊನ್ನೆ ಬೀಗರ ಮನೆ ಪೂಜೆಯಲ್ಲಿ ಮಂಗಳಾರತಿ ಆಗ್ತಿದ್ರೂ ಗುನುಗ್ತಾ ಇದ್ರು. ನಾನೇ ಚಿವುಟಿದೆ.”

“ಯಾವ ಹಾಡು ಅದು?”

ಆ ಕಡೆಯಿಂದ ನಗು ತಡೆದುಕೊಳ್ಳುವ ಸದ್ದು ಬಂತು. ಆಮೇಲೆ ತಡೆದುಕೊಳ್ಳದ ಸದ್ದು. ಕೊನೆಗೆ, “ಕಸದ ಗಾಡಿ ಹಾಡು” ಅಂದಳು.

ಅದು ನಿಜ ಅಂತ ನನಗೆ ಆ ಕ್ಷಣಕ್ಕೆ ಹೊಳೆಯಿತು. ನಿವೃತ್ತನಾದಾಗಿನಿಂದ ನಮ್ಮ ಮನೆಯ ಕಸ ನನ್ನ ಖಾತೆ. ಬೆಳಿಗ್ಗೆ ಗಾಡಿ ಓಣಿಯ ತುದಿಗೆ ಬಂದು ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನುವ ಹಾಡು ಹಚ್ಚಿದರೆ ನಾನು ಎರಡೂ ಕೈಗೆ ಒಂದೊಂದು ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆ. ನಮ್ಮ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಅದೇ ಹಾಡು. ಬೇಡ ಅಂದರೂ ಬಾಯಿಗೆ ಕೂತು ಬಿಟ್ಟಿದೆ.

ಟೀಚರಮ್ಮ ನಗಲಿಲ್ಲ. ಅದೇ ಅವರ ದೊಡ್ಡತನ. ಉತ್ತರ ಪತ್ರಿಕೆ ತಿದ್ದುವವರ ಮುಖದಲ್ಲಿ ಕೇಳಿದರು. “ಶ್ರುತಿ ಹೆಂಗಿರ್ತದೆ ಅಕ್ಕಾ?”

“ಅದೊಂದರಲ್ಲಿ ಮಾತ್ರ ಒಂದು ಎಳೆ ಆಚೆ ಈಚೆ ಆಗಲ್ಲ ನೋಡ್ರಿ.”

ಟೀಚರಮ್ಮ ಬೀರುವಿನಿಂದ ಅಡಿಕೋಲು ತೆಗೆದು ಮೇಜಿನ ಮೇಲೆ ತಾಳ ಹಾಕಿದರು. ನಾನು ನಾಚಿಕೆ ಬಿಟ್ಟು ಹಾಡಿದೆ. ಎಲ್ಲಿ ಶುರು, ಎಲ್ಲಿ ಏರು, ಎಲ್ಲಿ ಇಳಿಕೆ, ಎಲ್ಲಾ ಸರಿಯಾಗಿ ಬಂತು. ಮುಗಿದಾಗ ಅವರು ಅಡಿಕೋಲು ಕೆಳಗಿಟ್ಟು ಹೇಳಿದರು:

“ಸಾರ್, ಇದೇ ನಿಮ್ಮ ಹಾಡು. ನಿಶ್ಚಿಂತೆಯಾಗಿರ್ರಿ. ಬಳಗದಲ್ಲಿ ಯಾರೂ ಇದಕ್ಕೆ ಪೈಪೋಟಿಗೆ ಬರಲ್ಲ.”

ಜಗಳೂರು

ಇನ್ನುಳಿದದ್ದು ಟ್ರ್ಯಾಕ್. ಕಸದ ಗಾಡಿಯ ಹಾಡಿಗೆ ಕರೋಕೆ ಮಾಡಿದ ಪುಣ್ಯಾತ್ಮರು ಯಾರೂ ಇರಲಿಲ್ಲ. ನನ್ನ ಹೆಂಡತಿ ಹೇಗಾದರೂ ನನ್ನನ್ನು ಹೊರಗಿಡಬೇಕು ಅಂತಿದ್ದಿದ್ದರೆ ಅಲ್ಲಿಗೇ ಕೈಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಒಂದು ದಿನ ಬೆಳಿಗ್ಗೆ ಗಾಡಿ ಬರುವ ಹೊತ್ತಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋನು ಮುಂದೆ ಚಾಚಿಕೊಂಡು ಗೇಟಿನಲ್ಲಿ ನಿಂತಳು. ಗಾಡಿಯ ಹಾಡು ಪೂರ್ತಿ ರೆಕಾರ್ಡ್ ಆಯಿತು. ಅದರ ಜೊತೆಗೆ ಗಾಡಿಯ ಹಾರನ್ನು, ಡ್ರೈವರನ “ಬೇಗ ಬರ್ರಮ್ಮಾ, ಬೇಗ ಬರ್ರಿ”, ನಮ್ಮ ಪಕ್ಕದ ಮನೆಯಾಕೆಯ “ತಡಿಯಪ್ಪಾ, ಓಡಿ ಬರ್ತಾ ಇದೀನಿ”, ಎಲ್ಲವೂ ಆಯಿತು. ಅಳಿಸಲು ಬರುವುದಿಲ್ಲ ಅಂತ ಹಾಗೇ ಬಿಟ್ಟಳು.

ಜಗಳೂರಿನಲ್ಲಿ ಭವನ ತುಂಬಿತ್ತು. ನಿಯಮ ಬಂದ ಮೇಲೆ ಜನ ಕಡಿಮೆಯಾಗುತ್ತಾರೆ ಅಂದುಕೊಂಡಿದ್ದರೆ, ಪಕ್ಕದ ಬಿಳಿಚೋಡಿನಿಂದಲೂ ಹೊಸಬರು ಹಾಡಲು ಬಂದಿದ್ದರು. ಜಾಗ ಸಾಲದೆ ಕೆಲವರು ಜಗುಲಿಯಲ್ಲಿ ಕೂತಿದ್ದರಿಂದ ಎರಡು ಸ್ಪೀಕರುಗಳನ್ನು ಹೊರಗೆ, ಬೀದಿಯ ಕಡೆಗೆ ಮುಖ ಮಾಡಿ ಇಟ್ಟಿದ್ದರು. ಭವನದ ಎರಡೂ ಕಡೆ ಸಾಲು ಮನೆಗಳು.

ನನ್ನ ಸರದಿ ಬಂತು. ಅಧ್ಯಕ್ಷೆ ಪ್ರಕಟಿಸಿದಳು. “ಮುಂದಿನ ಹಾಡು ನಮ್ಮನೆಯವರದು.” ಅವಳು ನನ್ನನ್ನು ಹಾಗೆ ಸಭೆಗೆ ಹೇಳಿದ್ದು ಅದೇ ಮೊದಲು. ನನಗೆ ಹಿಗ್ಗೋ ಹಿಗ್ಗು. ಹಾಡುವಾಗ ಯಾರನ್ನೂ ನೋಡಬಾರದು ಅಂತ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಟ್ರ್ಯಾಕ್ ಶುರುವಾಯಿತು. ಹಾರನ್ ಹೊಡೆಯಿತು. ಹಾಡಿದೆ.

ಮೊದಲು ಸಭೆ ನಕ್ಕಿತು. ಆಮೇಲೆ ಚಪ್ಪಾಳೆಯಲ್ಲಿ ತಾಳ ಹಾಕಿತು. ನಾನು ಏರು ಸ್ವರಕ್ಕೆ ಹೋದೆ, ದನಿ ಒಡೆಯಲಿಲ್ಲ. ಇದ್ದಕ್ಕಿದ್ದ ಹಾಗೆ ಚಪ್ಪಾಳೆ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಎಲ್ಲರ ಕತ್ತೂ ಬಾಗಿಲ ಕಡೆಗೆ.

ಬಾಗಿಲಲ್ಲಿ ಒಬ್ಬ ಹೆಂಗಸು, ಎರಡು ಕೈಯಲ್ಲಿ ಎರಡು ಬಕೆಟ್. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಬಾಡಿದ ಚೆಂಡುಹೂವಿನ ರಾಶಿಯನ್ನು ಗೋಣಿಚೀಲಕ್ಕೆ ತುಂಬಿ ಹೊತ್ತ ಯಜಮಾನರೊಬ್ಬರು. ಅವರ ಹಿಂದೆ, ಎರಡು ಬಾಳೆಕಂದನ್ನು ಎಳೆದುಕೊಂಡು ಬರುತ್ತಿದ್ದ ಅತ್ತೆ ಸೊಸೆ. ಸಾಲು ಮೆಟ್ಟಿಲಿಳಿದು ಬೀದಿಗೆ ಹೋಗಿ, ತಿರುವಿನಲ್ಲಿ ಕಾಣದಾಗಿತ್ತು. ಸ್ಪೀಕರಿನಿಂದ ಇನ್ನೂ “ಬೇಗ ಬರ್ರಮ್ಮಾ, ಬೇಗ ಬರ್ರಿ” ಅಂತ ಬರುತ್ತಲೇ ಇತ್ತು.

ಮುಂದಿದ್ದ ಹೆಂಗಸು ಸಭೆಯನ್ನೆಲ್ಲ ಒಂದು ಸಲ ನೋಡಿ ಕೇಳಿದಳು. “ಗಾಡಿ ಎಲ್ಲಿ ನಿಲ್ಸೀರ್ರಿ?”

ನನ್ನ ಹೆಂಡತಿ ಎದ್ದು ನಿಂತು, “ಗಾಡಿ ಬಂದಿಲ್ಲಮ್ಮಾ, ಇವರು ಹಾಡ್ತಾ ಇದಾರೆ” ಅಂದಳು.

“ಹಾಡ್ಲಿ ಬಿಡ್ರಿ, ಬ್ಯಾಡ ಅಂದೋರ್ಯಾರು. ಕಸ ಯಾರ ಕೈಗೆ ಕೊಡಾನ?”

ಮಂಡಿ ಯಜಮಾನರು ಆ ಗದ್ದಲದಲ್ಲೂ ಎಲ್ಲರಿಗೂ ಕೇಳುವ ದನಿಯಲ್ಲಿ, “ಹಾಡಿದೋರ ಕೈಗೇ ಕೊಡಮ್ಮ” ಅಂದರು. ಕಂಡಕ್ಟರ್ ಆಗಲೇ ಬಾಗಿಲಿಗೆ ಹೋಗಿ, ಹಸಿ ಕಸದವರು ಎಡಕ್ಕೆ, ಒಣ ಕಸದವರು ಬಲಕ್ಕೆ ಅಂತ ಸಾಲು ಮಾಡುತ್ತಿದ್ದರು. ನಾನು ಹಾಡು ನಿಲ್ಲಿಸಲಿಲ್ಲ. ಪೂರ್ತಿ ಹಾಡದಿದ್ದರೆ ನಿಯಮದ ಪ್ರಕಾರ ಲೆಕ್ಕಕ್ಕಿಲ್ಲವಲ್ಲ. ಕೊನೆಯ ಸಾಲು ಮುಗಿದಾಗ ಮೊದಲು ಚಪ್ಪಾಳೆ ಹೊಡೆಯಲು ನೋಡಿದವಳು ಆ ಬಕೆಟಿನ ಹೆಂಗಸೇ. ಕೈ ಖಾಲಿ ಇರಲಿಲ್ಲ, ಎರಡು ಬಕೆಟನ್ನೂ ಒಂದಕ್ಕೊಂದು ಬಡಿದಳು.

ಅಧ್ಯಕ್ಷೆ ಮೈಕ್ ತಗೊಂಡಳು. “ಇಷ್ಟು ದಿನ ನಾವೆಲ್ಲಾ ಹಾಡೀವಿ, ಒಬ್ಬರಾದ್ರೂ ಕೈಲಿದ್ದ ಕೆಲಸ ಬಿಟ್ಟು ಬಂದಾರಾ? ಇವರ ಹಾಡಿಗೆ ಓಣಿಗೆ ಓಣಿನೇ ಎದ್ದು ಬಂದೈತೆ. ಈ ಹಾಡು ಇವರದು. ಮುಂದಿನ ಸಾಲಿನ ಆ ಕುರ್ಚಿನೂ ಇವರದು.” ಆಮೇಲೆ ಮೈಕ್ ಬದಿಗೆ ಹಿಡಿದು, ನನಗೊಬ್ಬನಿಗೆ ಕೇಳುವ ಹಾಗೆ, “ಶ್ರುತಿ ಚೆನ್ನಾಗಿತ್ರೀ” ಅಂದಳು.

ಅಷ್ಟು ಜನ, ಅಷ್ಟು ಕಸ ಒಂದೇ ಸಲಕ್ಕೆ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಗಾಡಿಯವರಿಗೆ ರಜೆ, ಮನೆಮನೆಯಲ್ಲೂ ತೋರಣ, ಹೂವು, ಬಾಳೆಎಲೆ, ಪಟಾಕಿ ಕಾಗದ ಒಟ್ಟಿಕೊಂಡು ಊರಿಗೆ ಊರೇ ಆ ಹಾಡಿಗಾಗಿ ಕಿವಿ ನೆಟ್ಟು ಕೂತಿತ್ತು. ನಾನು ಹಾಡಿದ್ದು ದೀಪಾವಳಿ ಬಲಿಪಾಡ್ಯಮಿಯ ಮಾರನೆ ದಿನ, ಭಾನುವಾರ.